ಕಟ್ಟಿಕೊಂಡರೆ ನಿಂತಲ್ಲೇ ಬಿಚ್ಚಿ ತೊಳೆಯಬಹುದಾದ ಸ್ಪ್ರೇ ನಾಝಲ್: ವಿನ್ಯಾಸದ ಸಮಗ್ರ ಮಾರ್ಗದರ್ಶಿ

ದ್ರವವನ್ನು ಸಣ್ಣ ಹನಿಗಳಾಗಿ ಒಡೆಯಬೇಕಾದರೆ ಅದನ್ನು ಸಣ್ಣ ತೂತಿನಿಂದ ತಳ್ಳಲೇಬೇಕು. ತೂತು ಸಣ್ಣದಿದ್ದ ಮೇಲೆ ಒಂದಲ್ಲ ಒಂದು ದಿನ ಅದರಲ್ಲಿ ಏನಾದರೂ ಸಿಕ್ಕಿಕೊಳ್ಳುತ್ತದೆ. ಕಿಟಕಿ ಗಾಜಿಗೆ ಹೊಡೆಯುವ ಬಾಟಲಿ ಇರಲಿ, ಬೆನ್ನಿಗೆ ಹಾಕುವ ಔಷಧಿ ಪಂಪು ಇರಲಿ, ಕಥೆ ಒಂದೇ. ಎಂದೂ ಕಟ್ಟದ ನಾಝಲ್ ಯಾರಿಂದಲೂ ಆಗುವುದಿಲ್ಲ. ಆದರೆ ಎಲ್ಲಿ ಕಟ್ಟಬೇಕು ಎಂಬುದನ್ನು ವಿನ್ಯಾಸ ಮಾಡುವವರು ಮೊದಲೇ ತೀರ್ಮಾನಿಸಬಹುದು. ಕಸ ಕೈಗೆ ಸಿಗುವ ಜಾಗದಲ್ಲೇ ನಿಲ್ಲಬೇಕು. ಅದನ್ನು ಸ್ಪ್ಯಾನರ್ ಇಲ್ಲದೆ, ಕೈಗವಸು ಹಾಕಿಕೊಂಡೇ, ಒಂದೆರಡು ನಿಮಿಷದೊಳಗೆ ತೆಗೆಯಲು ಬರಬೇಕು. ಈ ಬರಹದಲ್ಲಿರುವ ಎಲ್ಲ ಅಳತೆ, ಎಲ್ಲ ಸಲಹೆ ಬರುವುದು ಈ ಎರಡು ಬೇಡಿಕೆಗಳಿಂದ.

ಉದಾಹರಣೆಗೆ ಅಡಿಕೆ ತೋಟದ ಬೋರ್ಡೋ ಸಿಂಪಡಣೆಯನ್ನು ತೆಗೆದುಕೊಂಡಿದ್ದೇನೆ. ನಾಝಲ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ಸಿಗುವುದು ಕಷ್ಟ. ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿ ಬಳ್ಳಿಯ ರೋಗಕ್ಕೆ ಈ ದ್ರಾವಣವನ್ನು 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಅದನ್ನೇ ಬಳಸುವ ದಾರಿ ತೋರಿಸಿದರು. ಮಲೆನಾಡು, ಕರಾವಳಿಯ ತೋಟಗಳಲ್ಲಿ ಇವತ್ತಿಗೂ ಅದೇ ಲೆಕ್ಕ: 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮುಂಗಾರು ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ. ಆ ಎರಡನೇ ಸಲ ಮಳೆ ಬಿಡುವು ಕೊಟ್ಟಷ್ಟೇ ಹೊತ್ತು ಕೆಲಸ. ನಾಝಲ್ ಇರುವುದು ಮರದ ತುದಿಯಲ್ಲಿ, ಮರ ಹತ್ತಿದವರ ಕೈಯಲ್ಲೋ ನೆಲದಿಂದಲೇ ಎತ್ತಿ ಹಿಡಿಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿಯ ತುದಿಯಲ್ಲೋ. ಅಲ್ಲಿ ಕಟ್ಟಿಕೊಂಡರೆ ಕೆಲಸವೆಲ್ಲ ನಿಂತಿತು. ಈ ಕೆಲಸಕ್ಕೆ ಒಗ್ಗುವ ನಾಝಲ್ ಮಾಡಿದರೆ ಬೇವಿನೆಣ್ಣೆ, ಜೀವಾಮೃತ, ಗೋಡೆ ಸುಣ್ಣ ಯಾವುದಕ್ಕೂ ಸಣ್ಣ ಬದಲಾವಣೆಯೊಂದಿಗೆ ಅದೇ ಸಾಕು.

ಹಂತ 1: ಏನು ಕಟ್ಟುತ್ತಿದೆ ಎಂದು ನೋಡಿ

ಚಿತ್ರ ಬರೆಯಲು ಕೂರುವ ಮುಂಚೆ ಕಟ್ಟಿಕೊಂಡ ಹಳೆಯ ನಾಝಲ್‌ಗಳನ್ನು ಕೂಡಿಹಾಕಿ. ಒಂದೊಂದನ್ನೂ ಬಿಚ್ಚಿ, ಒಳಗಿರುವುದನ್ನು ಬಿಳಿ ಕಾಗದದ ಮೇಲೆ ಉದುರಿಸಿ, ಭೂತಗನ್ನಡಿಯಲ್ಲಿ ನೋಡಿ. ಸಾಮಾನ್ಯವಾಗಿ ನಾಲ್ಕು ಬಗೆಯ ಕಸ ಸಿಗುತ್ತದೆ. ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ಗಟ್ಟಿ ಕಣ. ಸರಿಯಾಗಿ ಅರಳದ ಸುಣ್ಣದ ಹರಳು, ಮರಳು, ಟ್ಯಾಂಕಿನ ಬಾಯಲ್ಲಿ ಬಿದ್ದ ಮಣ್ಣು. ಇದನ್ನು ಜಾಲರಿ ಹಿಡಿಯುತ್ತದೆ.

ಎರಡನೆಯದು ನಾರು. ಸೋಸುವ ಬಟ್ಟೆಯ ಎಳೆ, ಹುಲ್ಲಿನ ಚೂರು, ಜೀವಾಮೃತದಲ್ಲಿ ಸಗಣಿಯ ನಾರು. ನಾರು ಬಲು ಮೋಸದ್ದು. ಉದ್ದುದ್ದ ತಿರುಗಿ ನಿಂತರೆ ಜಾಲರಿಯ ಕಣ್ಣಿನಲ್ಲೂ ನುಸುಳುತ್ತದೆ. ಮುಂದೆ ಹೋಗಿ ತಿರುವಿನಲ್ಲಿ ಅಡ್ಡ ಬೀಳುತ್ತದೆ. ಅದರ ಹಿಂದೆ ಬಂದ ಸಣ್ಣ ಕಣಗಳೆಲ್ಲ ಅದಕ್ಕೇ ಅಂಟುತ್ತವೆ. ಚೂಪಾದ ಮೂಲೆ, ಒರಟು ಅಂಚು ಇಲ್ಲದ ದಾರಿಯೇ ಇದಕ್ಕೆ ಮದ್ದು.

ಮೂರನೆಯದು ಒಣಗಿದ ಪದರ. ಸಂಜೆ ತೊಳೆಯದೆ ಇಟ್ಟರೆ ಬೆಳಿಗ್ಗೆ ಹೊತ್ತಿಗೆ ಸುಣ್ಣ ಕಲ್ಲಾಗಿರುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿ ಅರಳಿದ ಸುಣ್ಣ ಮತ್ತೆ ಸುಣ್ಣಕಲ್ಲಾಗುತ್ತದೆ. ಆಮೇಲೆ ಬರೀ ನೀರಿಗೆ ಅದು ಕರಗುವುದಿಲ್ಲ. ಜಾಲರಿ ಇದನ್ನು ತಡೆಯಲಾರದು. ನಾಝಲ್ ಒಳಗೆ ದ್ರವ ನಿಲ್ಲದಂತೆ ನೋಡಿಕೊಳ್ಳಬೇಕು.

ನಾಲ್ಕನೆಯದು ಮೊಸರಿನಂತೆ ಒಡೆದ ದ್ರವ. ಹೊಂದದ ಎರಡು ಔಷಧಿ ಬೆರೆಸಿದಾಗ ಅಥವಾ ಹಿಂದಿನ ದಿನದ ಔಷಧಿ ಉಳಿದ ಟ್ಯಾಂಕಿಗೆ ಹೊಸದನ್ನು ಸುರಿದಾಗ ಹೀಗಾಗುತ್ತದೆ. ವಿನ್ಯಾಸದಿಂದ ಇದನ್ನು ತಡೆಯಲು ಬರುವುದಿಲ್ಲ. ಬಳಸುವವರಿಗೆ ಹೇಳಿಕೊಡಬೇಕು, ಅಷ್ಟೇ.

ಹಂತ 2: ತೂತಿನ ಅಳತೆ ಹಾಕಿ

ತೂತು ದೊಡ್ಡದಾದಷ್ಟೂ ಕಟ್ಟುವುದು ಕಡಿಮೆ, ಆದರೆ ಔಷಧಿ ಜಾಸ್ತಿ ಹರಿಯುತ್ತದೆ, ಹನಿ ದಪ್ಪವಾಗುತ್ತದೆ. ಆದ್ದರಿಂದ ನಿಮಿಷಕ್ಕೆ ಎಷ್ಟು ಔಷಧಿ ಹೋಗಬೇಕು ಎಂಬುದನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ತೂತಿಗೆ ಬನ್ನಿ.

ಒಂದು ಲೆಕ್ಕ ಮಾಡೋಣ. ಒತ್ತಡ 3 ಬಾರ್, ಹರಿವು ನಿಮಿಷಕ್ಕೆ 800 ಮಿ.ಲೀ. ಬೇಕು ಎಂದುಕೊಳ್ಳಿ. ನಾಝಲ್‌ನ ಹರಿವನ್ನು ಬಣ್ಣದಿಂದ ಗುರುತಿಸುವ ಅಂತರರಾಷ್ಟ್ರೀಯ ಕ್ರಮದಲ್ಲಿ ಇದು ಹಳದಿ ನಾಝಲ್. ಕಿತ್ತಳೆ ಅದರ ಅರ್ಧ, 400 ಮಿ.ಲೀ. ನೀಲಿ 1.2 ಲೀಟರ್. 3 ಬಾರ್ ಒತ್ತಡದಲ್ಲಿ ನೀರು ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 24 ಮೀಟರ್ ವೇಗದಲ್ಲಿ ಹೊರಬರುತ್ತದೆ. 800 ಮಿ.ಲೀ. ಹೋಗಲು 0.54 ಚದರ ಮಿ.ಮೀ. ತೂತು ಸಾಕು ಎಂದು ಕಾಣುತ್ತದೆ. ಆದರೆ ನಿಜವಾಗಿ ಧಾರೆ ತೂತನ್ನು ಪೂರ್ತಿ ತುಂಬಿಕೊಂಡು ಬರುವುದಿಲ್ಲ. ನೆಟ್ಟಗೆ ಕೊರೆದ ಸಾದಾ ತೂತಿನಲ್ಲಿ ನೂರಕ್ಕೆ ಸುಮಾರು 60 ಭಾಗ ಕೆಲಸಕ್ಕೆ ಬರುತ್ತದೆ. ದ್ರವವನ್ನು ಗಿರಗಿರ ತಿರುಗಿಸಿ ಟೊಳ್ಳು ಶಂಕುವಿನಂತೆ ಬಿಡುವ ನಾಝಲ್‌ನಲ್ಲಿ ನಡುವೆ ಗಾಳಿ ನಿಲ್ಲುವುದರಿಂದ ಸುಮಾರು 35 ಭಾಗ ಮಾತ್ರ. ಅಂದರೆ ಸಾದಾ ತೂತಿಗೆ ವ್ಯಾಸ 1.07 ಮಿ.ಮೀ., ತಿರುಗಿಸುವ ನಾಝಲ್‌ಗೆ 1.4 ಮಿ.ಮೀ.

ಇಲ್ಲಿ ನಮಗೆ ಲಾಭವಿದೆ. ಹರಿವು ಅಷ್ಟೇ, ತೂತು ಮಾತ್ರ ದೊಡ್ಡದು. ಹನಿಯೂ ಸಣ್ಣದಾಗಿ ಒಡೆದು ಗೊನೆಯ ಸಂದುಗೊಂದಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಗಸಿ ಇರುವ ಯಾವ ದ್ರವಕ್ಕೂ ತಿರುಗಿಸುವ ನಾಝಲ್ಲೇ ಮೊದಲ ಆಯ್ಕೆ.

ಒಂದು ಎಚ್ಚರಿಕೆ ಇದೆ. ಈ ನಾಝಲ್‌ನಲ್ಲಿ ಹೊರಗಿನ ತೂತಿನ ಹಿಂದೆ ಒಂದು ಬಿಲ್ಲೆ ಇರುತ್ತದೆ. ಅದರಲ್ಲಿ ಓರೆಯಾಗಿ ಕೊರೆದ ಗೀರುಗಳಿರುತ್ತವೆ. ದ್ರವಕ್ಕೆ ಸುತ್ತು ಬರುವುದು ಅಲ್ಲಿಂದ. ಆ ಗೀರು 0.6 ಮಿ.ಮೀ. ಇದ್ದು ತೂತು 1.4 ಮಿ.ಮೀ. ಇದ್ದರೆ, ಕಟ್ಟುವುದು ಗೀರು. ಹೊರಗಿನಿಂದ ನೋಡಿದರೆ ತೂತು ಸ್ವಚ್ಛವಾಗೇ ಕಾಣುತ್ತದೆ, ಆದರೆ ಸ್ಪ್ರೇ ಒಂದು ಪಕ್ಕಕ್ಕೆ ವಾಲುತ್ತದೆ. ದ್ರವ ಹೋಗುವ ದಾರಿಯಲ್ಲಿ ಅತಿ ಕಿರಿದಾದ ಜಾಗ ಯಾವುದು ಎಂದು ಚಿತ್ರದ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ನಾಝಲ್‌ನ ನಿಜವಾದ ಅಳತೆ ಅದೇ. ಗೀರುಗಳ ಸಂಖ್ಯೆ ಕಡಿಮೆ ಮಾಡಿ, ಒಂದೊಂದನ್ನೂ ಅಗಲ ಮಾಡಿ. ನಾಲ್ಕು ಸಣ್ಣ ಗೀರಿಗಿಂತ 1 ಮಿ.ಮೀ. ಅಗಲದ ಎರಡು ಗೀರು ಎಷ್ಟೋ ವಾಸಿ.

ಒತ್ತಡ ಹೆಚ್ಚಿಸಿ ಹರಿವು ಸರಿಮಾಡಿಕೊಳ್ಳೋಣ ಎಂದು ಕೆಲವರು ಹೊರಡುತ್ತಾರೆ. ಹರಿವು ಎರಡು ಪಟ್ಟು ಆಗಬೇಕಾದರೆ ಒತ್ತಡ ನಾಲ್ಕು ಪಟ್ಟು ಬೇಕು. ಕೈ ಪಂಪಿನಲ್ಲಿ ಅದು ಆಗದ ಮಾತು.

ಹಂತ 3: ಸೋಸುವ ಸಾಲು ಕಟ್ಟಿ

ತೂತಿಗಿಂತ ಸಣ್ಣ ಕಣ ಸುಲಭವಾಗಿ ದಾಟಿ ಹೋಗುತ್ತದೆ ಎಂದುಕೊಳ್ಳಬೇಡಿ. ಎರಡು ಮೂರು ಕಣ ಒಟ್ಟಿಗೆ ಬಂದರೆ ಒಂದಕ್ಕೊಂದು ಆತುಕೊಂಡು ಕಮಾನು ಕಟ್ಟುತ್ತವೆ. ಅದಕ್ಕೇ ಜಾಲರಿಯ ಕಣ್ಣು ಕಿರಿದಾದ ದಾರಿಯ ಮೂರನೇ ಒಂದು ಭಾಗದಷ್ಟು ಇರಲಿ. ಹೆಚ್ಚೆಂದರೆ ಅರ್ಧ.

ನಮ್ಮ ನಾಝಲ್‌ನ ಕಿರಿದಾದ ದಾರಿ 1 ಮಿ.ಮೀ. ಗೀರು. ಹಾಗಾದರೆ 0.3 ಮಿ.ಮೀ. ಕಣ್ಣಿನ ಜಾಲರಿ ಬೇಕು. ಅಂಗಡಿಯಲ್ಲಿ ಅದಕ್ಕೆ 50 ಮೆಶ್ ಎನ್ನುತ್ತಾರೆ. 100 ಮೆಶ್ ಎಂದರೆ 0.15 ಮಿ.ಮೀ. ಇನ್ನೂ ನಯವಾಗಿ ಸೋಸಿದರೆ ಇನ್ನೂ ಒಳ್ಳೆಯದು ಎಂದು ಅನ್ನಿಸುತ್ತದೆ ಅಲ್ವಾ? ಬೋರ್ಡೋದಂಥ ಗಸಿಯ ದ್ರವಕ್ಕೆ, ನೀರಿಗೆ ಕಲಸುವ ಪುಡಿ ಔಷಧಿಗೆ ಹಾಗೆ ಮಾಡಬೇಡಿ. ಗಿಡಕ್ಕೆ ತಲುಪಬೇಕಾದ ಔಷಧಿಯೇ ಜಾಲರಿಯಲ್ಲಿ ನಿಲ್ಲುತ್ತದೆ, ಪದೇ ಪದೇ ಬಿಚ್ಚಬೇಕಾಗುತ್ತದೆ. ತಿಳಿ ದ್ರವಕ್ಕೆ, ಸಣ್ಣ ನಾಝಲ್‌ಗೆ 100 ಮೆಶ್ ಸರಿ.

ಸೋಸುವುದು ಒಂದೇ ಕಡೆ ಆಗಬಾರದು. ಮೂರು ಕಡೆ ಇಡಿ. ಟ್ಯಾಂಕಿನ ಬಾಯಲ್ಲಿ ಬುಟ್ಟಿಯಂತಿರುವ ಆಳವಾದ 30 ಮೆಶ್ ಜಾಲರಿ, ಕಣ್ಣು ಸುಮಾರು 0.6 ಮಿ.ಮೀ. ದೊಡ್ಡ ಕಸವೆಲ್ಲ ಅಲ್ಲೇ ನಿಲ್ಲಲಿ. ಔಷಧಿ ಬಿಡುವ, ನಿಲ್ಲಿಸುವ ಸ್ಪ್ರೇ ಗನ್ನಿನ ಹಿಡಿಕೆಯೊಳಗೆ 50 ಮೆಶ್. ನಾಝಲ್ ಹಿಂದೆ ಮತ್ತೆ 50 ಮೆಶ್. ದೋಟಿಯ ಕೆಲಸದಲ್ಲಿ ಹಿಡಿಕೆಯ ಫಿಲ್ಟರಿಗೆ ಬಹಳ ಮಹತ್ವ, ಏಕೆಂದರೆ ಅದು ನೆಲದಲ್ಲಿರುವವರ ಕೈಯಲ್ಲೇ ಇದೆ. ಕಟ್ಟಿದರೆ ದೋಟಿ ಇಳಿಸುವ ಕೆಲಸವಿಲ್ಲ. ಆದ್ದರಿಂದ ಹಿಡಿಕೆಯ ಫಿಲ್ಟರನ್ನೇ ದೊಡ್ಡದು ಮಾಡಿ. ನಾಝಲ್ ಹಿಂದಿನದು ಪೈಪಿನೊಳಗಿಂದ ಎದ್ದು ಬಂದ ಚೂರುಗಳಿಗೆ ಮಾತ್ರ.

ಜಾಲರಿಯ ವಿಸ್ತಾರವನ್ನೂ ಲೆಕ್ಕ ಹಾಕಿ. 10 ಮಿ.ಮೀ. ವ್ಯಾಸ, 20 ಮಿ.ಮೀ. ಉದ್ದದ ಕೊಳವೆ ಜಾಲರಿಗೆ ಸುಮಾರು 628 ಚದರ ಮಿ.ಮೀ. ಮೈ ಇದೆ. ಅದರಲ್ಲಿ ನೂರಕ್ಕೆ 30 ಭಾಗ ತೆರೆದಿದೆ ಎಂದರೂ 188 ಚದರ ಮಿ.ಮೀ. ಆಯಿತು. ನಮ್ಮ ತೂತು 1.5 ಚದರ ಮಿ.ಮೀ. ಮಾತ್ರ. ಜಾಲರಿಯ ಮುಕ್ಕಾಲು ಪಾಲು ಕಟ್ಟಿಕೊಂಡರೂ ಸ್ಪ್ರೇ ಕುಗ್ಗುವುದಿಲ್ಲ. ಅದೇ ಜಾಗದಲ್ಲಿ ಬಿಲ್ಲೆಯಂಥ ಚಪ್ಪಟೆ ಜಾಲರಿ ಹಾಕಿದರೆ ಬೇಗ ತುಂಬಿಹೋಗುತ್ತದೆ. ಕಾಸು ಉಳಿಸಲು ಚಪ್ಪಟೆ ಜಾಲರಿ ಹಾಕುವುದು ಕಂಡಾಗಲೆಲ್ಲ ಬೇಸರವಾಗುತ್ತದೆ. ಉಳಿಯುವುದು ತುಂಬ ಸ್ವಲ್ಪ, ತೊಂದರೆ ಮಾತ್ರ ಇಡೀ ದಿನ.

ಹಂತ 4: ಬಿಚ್ಚುವ, ಜೋಡಿಸುವ ರೀತಿ

ಜಾಸ್ತಿ ಸಮಯ ಕೊಡಬೇಕಾದ ಹಂತ ಇದೇ. ತೂತು, ಜಾಲರಿ ಸರಿ ಇದ್ದೂ ಬಿಚ್ಚಲು ಕಷ್ಟವಾದರೆ ಜನ ಬಿಚ್ಚುವುದಿಲ್ಲ. ಬಾಯಿಟ್ಟು ಊದುತ್ತಾರೆ. ವಿಷದ ಔಷಧಿಯಲ್ಲಿ ಅದು ಎಷ್ಟು ಅಪಾಯ ಎಂದು ಎಲ್ಲರಿಗೂ ಗೊತ್ತು, ಆದರೂ ಮಾಡುತ್ತಾರೆ. ಮರದ ತುದಿಯಲ್ಲಿ ಬೇರೆ ದಾರಿ ಕಾಣದಿದ್ದಾಗ ಯಾರಾದರೂ ಹಾಗೇ ಮಾಡಿಯಾರು. ಬಾಯಿಡುವ ಪ್ರಸಂಗವೇ ಬರದಂತೆ ಮಾಡುವ ಜವಾಬ್ದಾರಿ ವಿನ್ಯಾಸ ಮಾಡುವವರದು.

ಮೊದಲು ಹಿಡಿತ. ಕ್ಯಾಪಿನ ವ್ಯಾಸ 25–30 ಮಿ.ಮೀ. ಇರಲಿ. ಹೊರಮೈಗೆ ನಯವಾದ ಗೀಟು ಸಾಲದು. ಒದ್ದೆ ಕೈಗವಸಿನಲ್ಲಿ ಜಾರುತ್ತದೆ. ಎರಡು ಕಿವಿಗಳನ್ನು ಕೊಡಿ, ಬೆರಳು ಆನಿಸಲು ಬರುವಂತೆ. ತಿರುಪಿನ ಮರೆ (ಥ್ರೆಡ್) ದಪ್ಪಗಿರಲಿ, ಅದರ ತುದಿ ದುಂಡಗಿರಲಿ. ಸಣ್ಣ ಮರೆಯಲ್ಲಿ ಸುಣ್ಣ ಕೂತರೆ ಕ್ಯಾಪು ಅಲ್ಲೇ ಕಚ್ಚಿಕೊಳ್ಳುತ್ತದೆ. ಕಾಲು ಸುತ್ತಿಗೆ ಕೂರುವ ಬಯೊನೆಟ್ ಕ್ಯಾಪು ಇನ್ನೂ ಚೆನ್ನ. ಚಪ್ಪಟೆ ಬೀಸಣಿಗೆ ಆಕಾರದಲ್ಲಿ ಹೊಡೆಯುವ ನಾಝಲ್ ಆದರೆ ತೊಳೆದು ಕೂರಿಸಿದ ಮೇಲೂ ಅದೇ ದಿಕ್ಕಿಗೆ ನಿಲ್ಲುತ್ತದೆ.

ಆಮೇಲೆ ಒತ್ತಡ. ಗನ್ನು ಮುಚ್ಚಿದರೂ ಅದರ ಮುಂದಿನ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ನಾಝಲ್ ಕಟ್ಟಿರುವಾಗ ಅದು ಹೊರಹೋಗಲು ದಾರಿಯೇ ಇಲ್ಲ. ಕ್ಯಾಪು ಬಿಚ್ಚಿದ ಕೂಡಲೇ ಔಷಧಿ ಮುಖಕ್ಕೆ ಹಾರುತ್ತದೆ. ಇದಕ್ಕೆ ಒಳ್ಳೆಯ ಉಪಾಯ ತಂಪು ಪಾನೀಯದ ಬಾಟಲಿಯಲ್ಲೇ ಇದೆ. ಅದರ ಕತ್ತಿನ ಮರೆಗೆ ಅಡ್ಡಲಾಗಿ ಅಲ್ಲಲ್ಲಿ ಸೀಳು ಕೊಟ್ಟಿರುತ್ತಾರೆ. ಮುಚ್ಚಳ ಸ್ವಲ್ಪ ಸಡಿಲವಾದರೆ ಸಾಕು, ಆ ಸೀಳಿನಿಂದ ಗ್ಯಾಸು ಹೊರಬರುತ್ತದೆ, ಮುಚ್ಚಳ ಮಾತ್ರ ಇನ್ನೂ ಮರೆಯಲ್ಲೇ ಇರುತ್ತದೆ. ನಾಝಲ್ ಕ್ಯಾಪಿಗೂ ಹಾಗೇ ಮಾಡಿ. ಸೋರದಂತೆ ತಡೆಯುವ ರಬ್ಬರಿನ ಬಳೆ, ಅಂದರೆ ಓ-ರಿಂಗ್, ತನ್ನ ಜಾಗ ಬಿಟ್ಟ ಮೇಲೂ ಕನಿಷ್ಠ ಎರಡು ಸುತ್ತು ಮರೆ ಹಿಡಿದಿರಬೇಕು. ಸೀಳಿನ ಬಾಯಿ ಹಿಡಿಯುವವರ ಕಡೆಗೆ ತಿರುಗಿರದೆ ಮುಂದಕ್ಕೆ ತಿರುಗಿರಲಿ. ಬಯೊನೆಟ್ ಕ್ಯಾಪಾದರೆ ನಡುವೆ ಒಂದು ತಡೆ ಕೊಡಿ. ಮೊದಲ ತಡೆಯಲ್ಲಿ ಒತ್ತಡ ಇಳಿಯಲಿ, ಅಲ್ಲಿಂದ ಒತ್ತಿ ತಿರುಗಿಸಿದರೆ ಮಾತ್ರ ಕ್ಯಾಪು ಕಳಚಲಿ.

ಭಾಗಗಳು ಎಷ್ಟಿರಬೇಕು? ಹಳೆಯ ಮಾದರಿಯ ನಾಝಲ್ ಬಿಚ್ಚಿದರೆ ಕ್ಯಾಪು, ತೂತಿನ ಬಿಲ್ಲೆ, ವಾಷರ್, ತಿರುಗಿಸುವ ಬಿಲ್ಲೆ, ಇನ್ನೊಂದು ವಾಷರ್, ಜಾಲರಿ ಎಂದು ಅರ್ಧ ಡಜನ್ ಚೂರು ಕೈಗೆ ಬರುತ್ತವೆ. ಒಂದು ಕೆಳಗೆ ಬಿದ್ದರೆ ಅಡಿಕೆ ಸೋಗೆಯ ನಡುವೆ ಹುಡುಕುವುದು ಆಗದ ಕೆಲಸ. ಮೂರೇ ಭಾಗಕ್ಕೆ ತನ್ನಿ. ತೂತಿನ ಬಿಲ್ಲೆ ಕ್ಯಾಪಿನೊಳಗೇ ಚಿಟಕ್ಕೆಂದು ಕೂತಿರಲಿ, ಬೇಕೆಂದರೆ ಬೆರಳಿನಲ್ಲಿ ಒತ್ತಿ ತೆಗೆಯಲು ಬರಲಿ. ತಿರುಗಿಸುವ ಬಿಲ್ಲೆ ಮತ್ತು ಜಾಲರಿ ಒಂದೇ ತುಂಡಾಗಿರಲಿ. ಓ-ರಿಂಗ್ ಅದರ ಸುತ್ತಿನ ಕಾಲುವೆಯಲ್ಲಿ ಕೂತಿರಲಿ, ತಲೆಕೆಳಗು ಮಾಡಿದರೂ ಬೀಳಬಾರದು. ಕ್ಯಾಪು ಬಿಚ್ಚಿದ ಮೇಲೂ ಒಂದು ನೈಲಾನ್ ಪಟ್ಟಿಯಿಂದ ಪೈಪಿಗೆ ತಗುಲಿಕೊಂಡಿರಲಿ.

ಬಣ್ಣವನ್ನೂ ಯೋಚಿಸಿ. ಕಪ್ಪು, ಕಂದು, ಹಸಿರು ಬೇಡ. ಮಣ್ಣಿನಲ್ಲಿ, ಎಲೆಯ ನಡುವೆ ಕಾಣುವುದಿಲ್ಲ. ಬೇರೆ ಬೇರೆ ಅಳತೆಯ ನಾಝಲ್ ಮಾರುವುದಾದರೆ ಮೇಲೆ ಹೇಳಿದ ಅಂತರರಾಷ್ಟ್ರೀಯ ಬಣ್ಣದ ಕ್ರಮವನ್ನು ತೂತಿನ ಬಿಲ್ಲೆಗೆ ಬಿಟ್ಟುಬಿಡಿ. ಬೇರೆ ಭಾಗಗಳಿಗೆ ಅದರಲ್ಲಿಲ್ಲದ, ಎದ್ದು ಕಾಣುವ ಬಣ್ಣ ಕೊಡಿ. ಅಳತೆ ತಪ್ಪಾಗಿ ತಿಳಿಯುವುದು ತಪ್ಪುತ್ತದೆ.

ಕೊನೆಗೆ, ತಪ್ಪು ಜೋಡಣೆ. ತಿರುಗಿಸುವ ಬಿಲ್ಲೆಯನ್ನು ಉಲ್ಟಾ ಕೂರಿಸಿದರೆ ದ್ರವ ತಿರುಗದೆ ನೆಟ್ಟಗೆ ಧಾರೆಯಾಗಿ ಬರುತ್ತದೆ. ಮತ್ತೆ ಬಿಚ್ಚಬೇಕು. ಉಲ್ಟಾ ಕೂರಲು ಸಾಧ್ಯವೇ ಇಲ್ಲದ ಆಕಾರ ಕೊಡಿ. ಒಂದು ಕಡೆ ಗೂಟ, ಎದುರಿಗೆ ಗುಳಿ. ಅದು ಸರಿಯಾಗಿ ಕೂರದಿದ್ದರೆ ಕ್ಯಾಪು ಪೂರ್ತಿ ಮುಚ್ಚಲೇಬಾರದು.

ಹಂತ 5: ಯಾವ ವಸ್ತುವಿನಲ್ಲಿ ಮಾಡುವುದು

ಹಿತ್ತಾಳೆ ಕೊರೆಯಲು ಸುಲಭ, ಊರಿನ ಲೇಥ್ ಅಂಗಡಿಯಲ್ಲೇ ಆಗುತ್ತದೆ. ಆದರೆ ಗಸಿ ಇರುವ ದ್ರವದಲ್ಲಿ ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅದಕ್ಕಿಂತ ಗಟ್ಟಿ. ಸೆರಾಮಿಕ್ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಬೋರ್ಡೋಗೆ ತೂತಿನ ಬಿಲ್ಲೆ ಸೆರಾಮಿಕ್ಕಿನದೇ ಇರಲಿ. ಸಿದ್ಧವಾದದ್ದು ಬಿಡಿಯಾಗಿ ಸಿಗುತ್ತದೆ, ನೀವು ಅದರ ಮನೆ ಮಾತ್ರ ವಿನ್ಯಾಸ ಮಾಡಿದರೆ ಸಾಕು.

ಸಾದಾ ಕಬ್ಬಿಣವನ್ನು ದ್ರವ ಮುಟ್ಟುವ ಯಾವ ಜಾಗದಲ್ಲೂ ಹಾಕಬೇಡಿ, ಸ್ಪ್ರಿಂಗಿನಲ್ಲೂ ಬೇಡ. ಮೈಲುತುತ್ತು ಕಬ್ಬಿಣವನ್ನು ತಿಂದು ಅದರ ಮೇಲೆ ತಾಮ್ರ ಕೂರಿಸುತ್ತದೆ. ದ್ರಾವಣ ಹದವಾಗಿದೆಯೇ ಎಂದು ನೋಡಲು ಚಾಕು ಅದ್ದುವುದು ಇದೇ ಕಾರಣಕ್ಕೆ. ಚಾಕುವಿಗೆ ಕಂದು ಬಣ್ಣ ಹತ್ತಿದರೆ ಇನ್ನೂ ಸುಣ್ಣ ಬೇಕು. ಅಲ್ಯುಮಿನಿಯಂ ಕೂಡ ಬೇಡ. ತಾಮ್ರಕ್ಕೂ ಸುಣ್ಣಕ್ಕೂ ಅದು ತಡೆಯುವುದಿಲ್ಲ.

ಮೈಗೆ, ಕ್ಯಾಪಿಗೆ ಪಾಲಿಪ್ರೊಪಿಲೀನ್ ಅಥವಾ ಅಸಿಟಾಲ್ ಪ್ಲಾಸ್ಟಿಕ್ ಒಳ್ಳೆಯದು. ಸುಣ್ಣಕ್ಕೆ ಎರಡೂ ತಡೆಯುತ್ತವೆ. ಅಸಿಟಾಲ್ ಗಟ್ಟಿಯಾದದ್ದು, ಮರೆ ಚೆನ್ನಾಗಿ ಬರುತ್ತದೆ, ಆದರೆ ಗಡಸು ಆಮ್ಲ, ಕ್ಲೋರಿನ್ ಅದಕ್ಕೆ ಆಗುವುದಿಲ್ಲ. ಬ್ಲೀಚಿಂಗ್ ದ್ರಾವಣ ಹೊಡೆಯುವ ಸ್ಪ್ರೇಯರ್ ಮಾಡುತ್ತಿದ್ದರೆ ಪಾಲಿಪ್ರೊಪಿಲೀನನ್ನೇ ಆರಿಸಿ.

ಓ-ರಿಂಗ್ ಆರಿಸುವಾಗ ಎಣ್ಣೆಯನ್ನು ಮರೆಯಬೇಡಿ. ಇಪಿಡಿಎಂ ರಬ್ಬರು ಸುಣ್ಣಕ್ಕೆ ಚೆನ್ನಾಗಿ ಬಾಳುತ್ತದೆ, ಬೇವಿನೆಣ್ಣೆ ತಗುಲಿದರೆ ಉಬ್ಬುತ್ತದೆ. ಉಬ್ಬಿದರೆ ಕ್ಯಾಪು ತಿರುಗುವುದಿಲ್ಲ. ಒಂದೇ ಪಂಪಿನಲ್ಲಿ ಎರಡೂ ಹೊಡೆಯುವವರೇ ಜಾಸ್ತಿ, ಆದ್ದರಿಂದ ನೈಟ್ರೈಲ್ ರಬ್ಬರು ಸುರಕ್ಷಿತ.

ಹಂತ 6: ದ್ರವ ನಿಲ್ಲುವ ಮೂಲೆಗಳನ್ನು ತೆಗೆಯಿರಿ

ನಾಝಲ್ ಮೈಯನ್ನು ಉದ್ದಕ್ಕೆ ಸೀಳಿದಂತೆ ಚಿತ್ರ ಬರೆಯಿರಿ. ದ್ರವ ಎಲ್ಲಿ ಹರಿಯದೆ ಸುಮ್ನೆ ನಿಲ್ಲುತ್ತದೆ ನೋಡಿ. ಚೌಕ ಮೂಲೆ, ಜಾಲರಿಯ ಬುಡದ ಸಂದು, ಮರೆಯ ಕೊನೆ. ಗಸಿ ಕೂರುವುದು ಅಲ್ಲಿ. ಮೂಲೆಗಳನ್ನೆಲ್ಲ 1 ಮಿ.ಮೀ.ಗಿಂತ ಹೆಚ್ಚಾಗಿ ದುಂಡು ಮಾಡಿ. ಓ-ರಿಂಗನ್ನು ಮರೆಗಿಂತ ಒಳಗೆ ಕೂರಿಸಿ, ಆಗ ಮರೆಗೆ ಔಷಧಿ ತಲುಪುವುದೇ ಇಲ್ಲ.

ಉದ್ದ ಪೈಪಿನ ಸಮಸ್ಯೆ ಬೇರೆ. 8 ಮಿ.ಮೀ. ಒಳವ್ಯಾಸದ 3 ಮೀಟರ್ ಪೈಪಿನಲ್ಲಿ ಸುಮಾರು 150 ಮಿ.ಲೀ. ದ್ರವ ಇರುತ್ತದೆ. ಗನ್ನು ಮುಚ್ಚಿದ ಮೇಲೆ ಅದು ತೊಟ್ಟಿಕ್ಕುತ್ತದೆ, ಗಸಿ ನಾಝಲ್ ಬಾಯಿಗೆ ಬಂದು ಕೂರುತ್ತದೆ. ನಾಝಲ್ ಹಿಂದೆಯೇ ರಬ್ಬರಿನ ಪೊರೆಯಿಂದ ಮುಚ್ಚುವ ಒಂದು ಸಣ್ಣ ಡಯಾಫ್ರಾಂ ವಾಲ್ವ್ ಇಟ್ಟರೆ ಒತ್ತಡ ಇಳಿದ ಕೂಡಲೇ ಅದು ಮುಚ್ಚಿಕೊಳ್ಳುತ್ತದೆ. ನಾಝಲ್ ಬಿಚ್ಚುವಾಗ ಪೈಪಿನಲ್ಲಿರುವುದು ಕೈಮೇಲೆ ಸುರಿಯುವುದೂ ತಪ್ಪುತ್ತದೆ. ಗುಂಡು ಮತ್ತು ಸ್ಪ್ರಿಂಗಿನ ವಾಲ್ವ್ ಅಗ್ಗ, ಆದರೆ ಸುಣ್ಣದ ಹರಳು ಗುಂಡಿನ ಕೆಳಗೆ ಸಿಕ್ಕಿಕೊಂಡು ಸೋರುತ್ತದೆ. ಗಸಿ ಇರುವಲ್ಲಿ ಡಯಾಫ್ರಾಮೇ ಆಗಬೇಕು.

ಹಂತ 7: ತೊಳೆಯುವ ಸಲಕರಣೆಯನ್ನೂ ವಿನ್ಯಾಸ ಮಾಡಿ

ತಂತಿ, ಪಿನ್ನು, ಬ್ಲೇಡು ತೂತಿಗೆ ತೂರಿಸಿದರೆ ಕಸ ಹೋಗುತ್ತದೆ, ಜೊತೆಗೆ ತೂತಿನ ಅಂಚೂ ಹೋಗುತ್ತದೆ. ಹನಿಯನ್ನು ಒಡೆಯುವುದು ಆ ಚೂಪಾದ ಅಂಚು. ಅದು ಹಾಳಾದರೆ ನಾಝಲ್ ಮುಗಿಯಿತು. ಹಲ್ಲುಜ್ಜುವ ಬ್ರಷ್ಷಿನಷ್ಟು ಮೆತ್ತನೆಯ ನೈಲಾನ್ ಬ್ರಷ್ಷು ಸಾಕು. ಗನ್ನಿನ ಹಿಡಿಕೆಯಲ್ಲೇ ಅದಕ್ಕೊಂದು ಗೂಡು ಮಾಡಿ. ಬ್ರಷ್ಷು ಮನೆಯಲ್ಲಿದ್ದು ನಾಝಲ್ ತೋಟದಲ್ಲಿ ಕಟ್ಟಿದರೆ ತಂತಿಯೇ ಕೈಗೆ ಬರುತ್ತದೆ.

ತೊಳೆಯುವ ದಿಕ್ಕು ಹೊರಗಿನಿಂದ ಒಳಕ್ಕೆ. ಕಸ ಬಂದ ದಾರಿಯಲ್ಲೇ ವಾಪಸು ಹೋಗಬೇಕು, ಮುಂದಕ್ಕೆ ತಳ್ಳಿದರೆ ಇನ್ನೂ ಬಿಗಿಯಾಗುತ್ತದೆ. ಒಳ್ಳೆಯ ನೀರು ತುಂಬಿದ ಮೆತ್ತನೆಯ ಬಾಟಲಿ ಕೊಟ್ಟು, ಅದರ ಮೂತಿ ನಾಝಲ್ ಬಾಯಿಗೆ ಸರಿಯಾಗಿ ಕೂರುವಂತೆ ಮಾಡಿ. ಹಿಂಡಿದರೆ ಸಾಕು, ಬಾಯಿಡುವ ಅಗತ್ಯವೇ ಇಲ್ಲ. ಗಟ್ಟಿಯಾದ ಸುಣ್ಣಕ್ಕೆ ಅಡುಗೆಮನೆಯ ವಿನೆಗರ್‌ನಲ್ಲಿ ನೆನೆಸಿ ಆಮೇಲೆ ನೀರಿನಲ್ಲಿ ತೊಳೆಯುವುದು ಒಳ್ಳೆಯ ದಾರಿ.

ಬಣ್ಣ ಹೊಡೆಯುವ ಏರ್‌ಲೆಸ್ ಯಂತ್ರಗಳಲ್ಲಿ ತಿರುಗುವ ತುದಿ ಇರುತ್ತದೆ. ಹಿಡಿ ಹಿಡಿದು 180 ಡಿಗ್ರಿ ತಿರುಗಿಸಿ ಒಮ್ಮೆ ಹೊಡೆದರೆ ಕಸ ಹಿಂದಿನಿಂದ ಹಾರಿಹೋಗುತ್ತದೆ, ಮತ್ತೆ ತಿರುಗಿಸಿದರೆ ಕೆಲಸ ಶುರು. ಬಿಚ್ಚುವುದೇ ಬೇಡ. ಸುಂದರ ಉಪಾಯ. ಆದರೆ ಅಲ್ಲಿ ಒತ್ತಡ ನೂರು ಬಾರ್ ಮೀರುತ್ತದೆ, ಕಸ ಹಾರಿಸುವ ಶಕ್ತಿ ಅದಕ್ಕಿದೆ. ಅದೇ ಒತ್ತಡ ಚರ್ಮದೊಳಗೂ ಬಣ್ಣ ಇಳಿಸಬಲ್ಲದು, ತುದಿಗೆ ಕೈ ಅಡ್ಡ ಹಿಡಿಯಲೇಬಾರದು. 3 ಬಾರಿನ ಕೈ ಪಂಪಿಗೆ ಇದನ್ನು ತಂದರೆ ತಿರುಗುವ ಕೀಲಿನಲ್ಲಿ ಸುಣ್ಣ ಸಿಕ್ಕಿ ಸೋರಿಕೆ ಶುರುವಾಗುತ್ತದೆ. ಬೋರ್ಡೋಗೆ ಇದು ಬೇಡ.

ಮನೆಯಲ್ಲಿ ಬಳಸುವ ಟ್ರಿಗರ್ ಬಾಟಲಿಗೂ ಇವೇ ಮಾತು. ಅದರಲ್ಲೂ ತಿರುಗಿಸುವ ಗೀರುಗಳಿವೆ, ತುದಿಯ ಕ್ಯಾಪಿನ ಹಿಂದೆ. ಕ್ಯಾಪನ್ನು ಮತ್ತೆ ಬಿಚ್ಚಲಾಗದಂತೆ ಒತ್ತಿ ಕೂರಿಸಿದ್ದರೆ ಇಡೀ ಬಾಟಲಿ ಕಸದ ಬುಟ್ಟಿಗೆ. ಮರೆ ಕೊಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಬಾಟಲಿಯೊಳಗಿನ ಕೊಳವೆಯ ತುದಿಗೊಂದು ಜಾಲರಿ ಸೇರಿಸಿ. ಗ್ಯಾಸು ತುಂಬಿದ ಬಣ್ಣದ ಡಬ್ಬಿಯಲ್ಲಿ ಕೆಲಸ ಮುಗಿದ ಮೇಲೆ ತಲೆಕೆಳಗು ಮಾಡಿ ಬರೀ ಗ್ಯಾಸು ಬರುವವರೆಗೆ ಒತ್ತಿದರೆ ದಾರಿ ತೆರವಾಗುತ್ತದೆ.

ಹಂತ 8: ಮಾದರಿ ಮಾಡಿ

ಕ್ಯಾಪು, ಕಿವಿ, ಹಿಡಿತ ಇವನ್ನು 3ಡಿ ಪ್ರಿಂಟರಿನಲ್ಲಿ ತೆಗೆದು ಕೈಗವಸು ಹಾಕಿ ತಿರುಗಿಸಿ ನೋಡಿ. ದ್ರವ ಹೋಗುವ ದಾರಿಯನ್ನು ಮಾತ್ರ ಪ್ಲಾಸ್ಟಿಕ್ ಎಳೆ ಕರಗಿಸುವ ಪ್ರಿಂಟರಿನಲ್ಲಿ ಮಾಡಬೇಡಿ. ಪದರ ಪದರದ ಗೀರಿನಲ್ಲಿ ಗಸಿ ಕೂರುತ್ತದೆ, ತೂತಿನ ಅಳತೆಯೂ ನಿಲ್ಲುವುದಿಲ್ಲ. ತಿರುಗಿಸುವ ಬಿಲ್ಲೆಯನ್ನು ಹಿತ್ತಾಳೆಯಲ್ಲಿ ಕಟ್ ಮಾಡಿಸಿ. ಕೊರೆದ ಮೇಲೆ ಉಳಿಯುವ ಮುಳ್ಳಂಚನ್ನು ಚೆನ್ನಾಗಿ ಉಜ್ಜಿಸಿ. ನಾರು ತಗುಲಿಕೊಳ್ಳುವುದು ಅದಕ್ಕೇ.

ಹಂತ 9: ಕೊಳಕು ದ್ರವದಲ್ಲೇ ಪರೀಕ್ಷೆ ಮಾಡಿ

ಬರೀ ನೀರಿನಲ್ಲಿ ಎಲ್ಲ ನಾಝಲ್ಲೂ ಚೆನ್ನಾಗಿ ಹೊಡೆಯುತ್ತವೆ. ನಿಮ್ಮ ಪರೀಕ್ಷೆಯ ದ್ರವ ತೋಟದಲ್ಲಿ ಸಿಗುವುದಕ್ಕಿಂತ ಕೊಳಕಾಗಿರಬೇಕು. ಮೇಲೆ ಹೇಳಿದ ಲೆಕ್ಕದಲ್ಲೇ ಬೋರ್ಡೋ ಮಾಡಿ, ಸುಣ್ಣದ ಹಾಲನ್ನು ಸೋಸದೆ ಹಾಕಿ, ಅದಕ್ಕೆ ಚಿಟಿಕೆ ಮರಳು, ಕತ್ತರಿಸಿದ ಹತ್ತಿಯ ಎಳೆ ಸೇರಿಸಿ.

ಮೊದಲು ಶುದ್ಧ ನೀರಿನಲ್ಲಿ 3 ಬಾರ್ ಒತ್ತಡ ಹಿಡಿದು, ಒಂದು ನಿಮಿಷ ಅಳತೆ ಜಾಡಿಗೆ ಹೊಡೆದು ಹರಿವು ಬರೆದಿಡಿ. ಆಮೇಲೆ ಕೊಳಕು ದ್ರವದಲ್ಲಿ 16 ಲೀಟರಿನ ಟ್ಯಾಂಕು ಪೂರ್ತಿ ಖಾಲಿ ಮಾಡಿ. ನಡುನಡುವೆ ಹರಿವು ಅಳೆಯಿರಿ. ಹೊಸದರಲ್ಲಿ ಇದ್ದುದಕ್ಕಿಂತ ನೂರಕ್ಕೆ 10 ಭಾಗ ಕಡಿಮೆಯಾದರೆ ಕಟ್ಟಲು ಶುರುವಾಯಿತು ಎಂದರ್ಥ. ಎಲ್ಲಿ ಕಟ್ಟಿತು ಎಂದು ನೋಡಿ. ಹಿಡಿಕೆಯ ಫಿಲ್ಟರಿನಲ್ಲಿ ಆದರೆ ನೀವು ಗೆದ್ದಿರಿ. ಗೀರಿನಲ್ಲಿ ಆದರೆ ಹಂತ 2 ಮತ್ತು 3ಕ್ಕೆ ವಾಪಸು ಹೋಗಿ. ಬಹಳ ದಿನ ಬಳಸಿದ ಮೇಲೆ ಹರಿವು 10 ಭಾಗ ಹೆಚ್ಚಾದರೆ ಅದು ಸವೆತ. ಬಿಲ್ಲೆ ಬದಲಿಸುವ ಕಾಲ.

ಎರಡನೆಯದು ಒಣಗಿಸುವ ಪರೀಕ್ಷೆ. ಹೊಡೆದು, ತೊಳೆಯದೆ ಇಡೀ ರಾತ್ರಿ ಬಿಡಿ. ಬೆಳಿಗ್ಗೆ ಕ್ಯಾಪು ಕೈಯಲ್ಲೇ ಬಿಚ್ಚಬೇಕು. ಬಿಚ್ಚದಿದ್ದರೆ ಓ-ರಿಂಗಿನ ಜಾಗ ತಪ್ಪಾಗಿದೆ, ಮರೆಗೆ ಸುಣ್ಣ ಇಳಿಯುತ್ತಿದೆ.

ಮೂರನೆಯ ಪರೀಕ್ಷೆ ನನಗೆ ಎಲ್ಲಕ್ಕಿಂತ ಮುಖ್ಯ. ಕಟ್ಟಿಕೊಂಡ ನಾಝಲನ್ನು, ಅದನ್ನು ಹಿಂದೆಂದೂ ನೋಡದವರ ಕೈಗೆ ಕೊಡಿ. ಒದ್ದೆ ಕೈಗವಸು ಹಾಕಿಸಿ. ಏನೂ ಹೇಳಿಕೊಡಬೇಡಿ. ಅವರು ಎಲ್ಲಿ ತಡವರಿಸುತ್ತಾರೆ, ಯಾವ ಭಾಗ ಕೈಜಾರುತ್ತದೆ, ಬಿಲ್ಲೆಯನ್ನು ಯಾವ ಕಡೆ ತಿರುಗಿಸಿ ಹಿಡಿಯುತ್ತಾರೆ ಎಂಬುದನ್ನು ಸುಮ್ಮನೆ ಕೂತು ಬರೆದುಕೊಳ್ಳಿ. ದಿನವಿಡೀ ಔಷಧಿ ಹೊಡೆದು ಬೆರಳು ಮರಗಟ್ಟಿದವರ ಕೈಯಲ್ಲಿ, ಕನ್ನಡಕ ಇಲ್ಲದೆ ಹತ್ತಿರದ್ದು ಕಾಣದ ಹಿರಿಯರ ಕೈಯಲ್ಲಿ ಮಾಡಿಸಿ. ಎರಡು ನಿಮಿಷದೊಳಗೆ ಬಿಚ್ಚಿ, ತೊಳೆದು, ಜೋಡಿಸಿ, ಸೋರದಂತೆ ಹೊಡೆಯಲು ಬಂದರೆ ವಿನ್ಯಾಸ ಪಾಸು.

ಹಂತ 10: ಜೊತೆಗೆ ಕೊಡಬೇಕಾದದ್ದು

ಸೂಚನೆಯ ಪುಸ್ತಕ ಮನೆಯ ಅಟ್ಟದಲ್ಲಿರುತ್ತದೆ. ನಾಲ್ಕು ಚಿತ್ರದ ಒಂದು ಸ್ಟಿಕರನ್ನು ಟ್ಯಾಂಕಿಗೇ ಅಂಟಿಸಿ. ಗನ್ನು ಮುಚ್ಚಿ ಪಂಪು ನಿಲ್ಲಿಸು. ಕ್ಯಾಪು ಸಡಿಲಿಸಿ ಒತ್ತಡ ಬಿಡು. ಬಿಚ್ಚಿ, ಹೊರಗಿನಿಂದ ಒಳಕ್ಕೆ ತೊಳೆ. ಗೂಟ ಗುಳಿಗೆ ಕೂರಿಸಿ ಮುಚ್ಚು. ಕೆಳಗೆ ಕೆಂಪಕ್ಷರದಲ್ಲಿ: ಬಾಯಿಂದ ಊದಬೇಡಿ, ತಂತಿ ಹಾಕಬೇಡಿ, ಸಂಜೆ ಒಳ್ಳೆಯ ನೀರು ಹೊಡೆದೇ ಇಡಿ.

ಪೆಟ್ಟಿಗೆಯಲ್ಲಿ ಇನ್ನೊಂದು ಪೂರ್ತಿ ನಾಝಲ್ ಜೋಡಿಸಿಯೇ ಇಡಿ. ಮಳೆ ಬರುವ ಮುಂಚೆ ಮುಗಿಸಬೇಕಾದವರು ಕಟ್ಟಿದ್ದನ್ನು ಬಿಚ್ಚಿ ಜೇಬಿಗೆ ಹಾಕಿ, ಹೊಸದನ್ನು ಕೂರಿಸಿ ಮುಂದುವರಿಯಲಿ, ತೊಳೆಯುವುದು ಊಟದ ಹೊತ್ತಿಗಾದರೂ ಆದೀತು. ಓ-ರಿಂಗ್, ಜಾಲರಿ, ತೂತಿನ ಬಿಲ್ಲೆ ಮೂರೂ ಬಿಡಿಯಾಗಿ, ಊರಿನ ಗೊಬ್ಬರದ ಅಂಗಡಿಯಲ್ಲೇ ಸಿಗುವಂತೆ ನೋಡಿಕೊಳ್ಳಿ. ಅದಕ್ಕಾಗಿ ಅಳತೆಗಳನ್ನು ಪೇಟೆಯಲ್ಲಿ ಈಗಾಗಲೇ ಇರುವ ಬಿಡಿಭಾಗಗಳಿಗೆ ಹೊಂದಿಸಿಯೇ ವಿನ್ಯಾಸ ಶುರು ಮಾಡಿ.